ದಾನ ಬೇಡ, ಕೂಲಿ ಕೊಡಿ

ಬಡವರ ಮೇಲೆ ಕನಿಕರ ಪಡುವವರನ್ನು ಕಂಡರೆ ನನಗೆ ಈಚೀಚೆಗೆ ಅಂಜಿಕೆಯಾಗುತ್ತದೆ. ಬೈಯುವವರ ಬಗ್ಗೆ ಅಷ್ಟು ಅಂಜಿಕೆಯಿಲ್ಲ. ಬೈಯುವವನು ಎದುರಿಗೆ ನಿಂತಿರುತ್ತಾನೆ, ಅವನಿಗೊಂದು ಉತ್ತರ ಕೊಡಬಹುದು. ಕನಿಕರದವರ ಕೈಯಲ್ಲಿ ಒಂದು ಸೀರೆ ಇರುತ್ತದೆ, ಪಕ್ಕದಲ್ಲಿ ಫೋಟೋ ತೆಗೆಯುವ ಹುಡುಗನೂ ಇರುತ್ತಾನೆ. ಸೀರೆ ಇಸಿದುಕೊಂಡ ಹೆಂಗಸು ಅವರಿಗೆ ಉತ್ತರ ಕೊಡುವ ಹಾಗಿಲ್ಲ. ಕೈ ಮುಗಿಯಬೇಕು, ಫೋಟೋಕ್ಕೆ ನಗಬೇಕು.

ನಾನು ಕ್ರೈಸ್ತಳು. ತುರ್ವಿಹಾಳದ ಸುತ್ತಲಿನ ಹಳ್ಳಿಗಳಲ್ಲಿ ಅಕ್ಷರ ಕಲಿಸಿ ನಿವೃತ್ತಳಾದವಳು. ಆದ್ದರಿಂದ ಬೇರೆಯವರ ಅಂಗಳಕ್ಕೆ ಹೋಗುವ ಮೊದಲು ನಮ್ಮ ಅಂಗಳದ ಕಸ ಗುಡಿಸುತ್ತೇನೆ. ಕ್ರಿಸ್‌ಮಸ್ ಬಂತೆಂದರೆ ನಮ್ಮ ಸಭೆಗಳಲ್ಲಿ ಹಂಚುವ ಸಂಭ್ರಮ. ಕೇರಿಯ ಹೆಂಗಸರಿಗೆ ಸೀರೆ, ಮುದುಕರಿಗೆ ಕಂಬಳಿ, ಮನೆಗೆ ಐದು ಕಿಲೋ ಅಕ್ಕಿ. ಒಮ್ಮೆ ಹೀಗೆ ಅಕ್ಕಿ ಇಸಿದುಕೊಂಡ ಒಬ್ಬಾಕೆ ಚೀಲದೊಳಗೆ ಕೈ ಹಾಕಿ, ನಾಲ್ಕು ಕಾಳು ಅಂಗೈಯಲ್ಲಿಟ್ಟು ನೋಡಿ, "ಅಕ್ಕೋರ, ಇದು ನಾವ ಹಚ್ಚಿದ ನೆಲ್ಲು ಇದ್ದಂಗ ಐತ್ರಿ" ಎಂದಳು. ತಮಾಷೆಗೆ ಹೇಳಿದಳೋ ಸಿಟ್ಟಿನಿಂದ ಹೇಳಿದಳೋ ತಿಳಿಯಲಿಲ್ಲ. ಆದರೆ ಅಷ್ಟು ನೇರವಾದ ಉಪದೇಶವನ್ನು ನಾನು ಯಾವ ಪೀಠದಿಂದಲೂ ಕೇಳಿಲ್ಲ.

ಸಿಂಧನೂರು ಸೀಮೆಯನ್ನು ಭತ್ತದ ಕಣಜ ಎನ್ನುತ್ತಾರೆ. ಸುಳ್ಳಲ್ಲ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಎಡದಂಡೆ ಕಾಲುವೆಯಲ್ಲಿ ನೀರು ಬಂದಮೇಲೆ ಜೋಳ, ಹತ್ತಿ ಬೆಳೆಯುತ್ತಿದ್ದ ಎರೆಹೊಲ ಗದ್ದೆಯಾಯಿತು. ಕರಾವಳಿ ಆಂಧ್ರದಿಂದ ರೈತರು ಬಂದು ಭೂಮಿ ಕೊಂಡರು, ಕ್ಯಾಂಪುಗಳು ಎದ್ದವು, ಅಕ್ಕಿ ಗಿರಣಿಗಳು ಎದ್ದವು. ಇಷ್ಟೆಲ್ಲ ಆದಮೇಲೂ 1999ರಲ್ಲಿ ಮತ್ತು 2005ರಲ್ಲಿ ಕರ್ನಾಟಕ ಸರ್ಕಾರ ಮಾನವ ಅಭಿವೃದ್ಧಿ ವರದಿ ಹೊರತಂದಾಗ ಎರಡು ಸಲವೂ ಜಿಲ್ಲೆಗಳ ಸಾಲಿನಲ್ಲಿ ರಾಯಚೂರು ಕಟ್ಟಕಡೆಗೆ ನಿಂತಿತ್ತು. ನೀರು ಬಂತು, ನೆಲ್ಲು ಬಂತು, ದುಡ್ಡೂ ಬಂತು. ಅದು ಯಾರ ಮನೆಗೆ ಬಂತು ಎಂಬುದೇ ಪ್ರಶ್ನೆ. ಕಾಲುವೆಯ ಕೊನೆಯ ಹಳ್ಳಿಗೆ ನೀರು ಮುಟ್ಟುವುದಿಲ್ಲ. ಕೇರಿಗೆ ಭೂಮಿಯೇ ಇಲ್ಲ. ಮೊಳಕಾಲುದ್ದ ಕೆಸರಿನಲ್ಲಿ ಬೆನ್ನು ಬಗ್ಗಿಸಿ ನಾಟಿ ಹಚ್ಚುವವಳಿಗೆ ವರ್ಷದಲ್ಲಿ ಕೆಲವೇ ವಾರ ಕೆಲಸ. ಕೊಯ್ಲಿಗೆ ಯಂತ್ರ ಬಂದು ಆ ಕೆಲಸವನ್ನೂ ಕಸಿಯಿತು. ಉಳಿದ ದಿನಗಳಲ್ಲಿ ಬೆಂಗಳೂರಿನ ಕಟ್ಟಡಗಳಿಗೆ ಗುಳೆ. ಮುದುಕಿ ಮತ್ತು ಮಕ್ಕಳನ್ನು ಮನೆಯಲ್ಲಿ ಬಿಟ್ಟು ಹೋದವರು ಹಬ್ಬಕ್ಕೆ ಬಂದಾಗ, ಶಾಲೆಯ ಹಾಜರಿ ಪುಸ್ತಕದಲ್ಲಿ ಕೆಂಪು ಗೆರೆ ಬಿದ್ದ ಮಕ್ಕಳ ಹೆಸರನ್ನು ಓದಿ ಹೇಳುವುದು ನನ್ನ ಪಾಲಿನ ಕೆಲಸವಾಗಿತ್ತು.

ಇಂಥ ಊರಿನಲ್ಲಿ ಐದು ಕಿಲೋ ಅಕ್ಕಿ ಹಂಚಿ ಧರ್ಮ ಮಾಡಿದೆವು ಎಂದರೆ ಏನರ್ಥ? ಕದ್ದ ಗಂಟಿನಿಂದ ಒಂದು ಹಿಡಿ ತೆಗೆದು, ಯಾರದ್ದನ್ನು ಕದ್ದೆವೋ ಅವರಿಗೇ ಕೊಟ್ಟ ಹಾಗೆ. ಮಾತು ಒರಟಾಯಿತು. ಆದರೆ ಒರಟು ಎಂದು ಬಿಡುವಂತಿಲ್ಲ.

ಈ ಮಾತು ನನ್ನ ತಲೆಯಲ್ಲಿ ಹುಟ್ಟಿದ್ದೂ ಅಲ್ಲ. ದಕ್ಷಿಣ ಅಮೆರಿಕದ ಪೆರು ದೇಶದಲ್ಲಿ ಗುಸ್ತಾವೊ ಗುಟಿಯೆರೆಸ್ ಎಂಬ ಒಬ್ಬ ಪಾದ್ರಿ ಇದ್ದರು. ಲಿಮಾ ಪಟ್ಟಣದ ಬಡಕೇರಿಯಲ್ಲಿ ಸೇವೆ ಮಾಡಿದವರು, 2024ರಲ್ಲಿ ತೊಂಬತ್ತಾರು ವರ್ಷದವರಾಗಿ ತೀರಿಕೊಂಡರು. 1971ರಲ್ಲಿ ಅವರು ಬರೆದ ಪುಸ್ತಕದಿಂದ 'ವಿಮೋಚನಾ ದೇವತಾಶಾಸ್ತ್ರ' ಎಂಬ ಹೆಸರು ಲೋಕಕ್ಕೆಲ್ಲ ಗೊತ್ತಾಯಿತು. ಅದಕ್ಕೂ ಮೂರು ವರ್ಷ ಮೊದಲೇ, 1968ರಲ್ಲಿ, ಕೊಲಂಬಿಯಾದ ಮೆದೆಯಿನ್ ಪಟ್ಟಣದಲ್ಲಿ ಆ ಖಂಡದ ಬಿಷಪ್ಪರು ಕೂಡಿ, ಬಡತನವನ್ನು ಅನ್ಯಾಯ ಎಂದೇ ಕರೆದಿದ್ದರು. ಹೆಸರು ದೊಡ್ಡದು, ಒಳಗಿನ ಮಾತು ಸಣ್ಣದು: ಬಡತನ ಹಣೆಬರಹವಲ್ಲ, ದೇವರ ಪರೀಕ್ಷೆಯೂ ಅಲ್ಲ. ಅದು ಮನುಷ್ಯರು ಮನುಷ್ಯರಿಗೆ ಮಾಡಿದ್ದು. ಮಾಡಿದ್ದನ್ನು ಬಿಚ್ಚಬಹುದು. ದೇವರು ಈ ಜಗಳದಲ್ಲಿ ನಡುವೆ ನಿಂತು ತಕ್ಕಡಿ ಹಿಡಿದವನಲ್ಲ, ಬಡವರ ಕಡೆಗೆ ಬಂದು ನಿಂತವನು.

ಹೀಗೆಂದರೆ ನಮ್ಮ ಹಿರಿಯರಿಗೆ ಗಾಬರಿ. "ಇದು ರಾಜಕೀಯ, ಗುಡಿಯೊಳಗೆ ಬೇಡ" ಎನ್ನುತ್ತಾರೆ. ಹಾಗಾದರೆ ಯೇಸುವಿನ ತಾಯಿಯನ್ನೇ ಮೊದಲು ಗುಡಿಯಿಂದ ಹೊರಗೆ ಹಾಕಬೇಕಾಗುತ್ತದೆ. ಕಥೋಲಿಕರು ಆಕೆಯನ್ನು ಮರಿಯಮ್ಮ ಎಂದು ತೇರಿನಲ್ಲಿ ಕೂಡಿಸುತ್ತಾರೆ, ನಾವು ಮರಿಯಳು ಎಂದು ಹೇಳಿ ಮುಂದಕ್ಕೆ ಹೋಗುತ್ತೇವೆ. ಇಬ್ಬರೂ ಆಕೆಯ ಮಾತನ್ನು ಕಿವಿಗೆ ಹಾಕಿಕೊಂಡಿಲ್ಲ. ಲೂಕನ ಸುವಾರ್ತೆಯ ಮೊದಲ ಅಧ್ಯಾಯ ತೆಗೆದು ನೋಡಿ. ಬಸುರಿ ಹುಡುಗಿ, ಬಡವರ ಮನೆಯವಳು, ತನ್ನ ನೆಂಟರಾಕೆಯ ಮನೆಗೆ ಹೋಗಿ ಹಾಡುತ್ತಾಳೆ. ಏನೆಂದು? ಗದ್ದುಗೆಯ ಮೇಲಿದ್ದವರನ್ನು ದೇವರು ಕೆಳಗಿಳಿಸಿದ, ಹಸಿದವರ ಹೊಟ್ಟೆ ತುಂಬಿಸಿದ, ಉಳ್ಳವರನ್ನು ಬರಿಗೈಲಿ ಕಳಿಸಿದ ಎಂದು. ಜೋಗುಳ ಹಾಡುವ ವಯಸ್ಸಿನ ಹುಡುಗಿ ಹಾಡಿದ್ದು ಇದನ್ನು! ನಮ್ಮ ಚಿತ್ರಪಟಗಳಲ್ಲಿ ಆಕೆಗೆ ನೀಲಿ ಸೆರಗು ಹೊದಿಸಿ, ಕಣ್ಣು ಕೆಳಗೆ ಮಾಡಿಸಿ, ಬಾಯಿ ಮುಚ್ಚಿಸಿ ಇಟ್ಟಿದ್ದೇವೆ. ಹೆಣ್ಣಿನ ಬಾಯಿ ಮುಚ್ಚಿಸುವುದರಲ್ಲಿ ಎಲ್ಲ ಧರ್ಮದವರೂ ಅಣ್ಣತಮ್ಮಂದಿರೇ.

ಇನ್ನೊಂದು ಕಥೆ ಹೇಳುತ್ತೇನೆ, ಮತ್ತಾಯನ ಸುವಾರ್ತೆಯದು. ದ್ರಾಕ್ಷಿ ತೋಟದ ಯಜಮಾನ ಬೆಳಿಗ್ಗೆ ಪೇಟೆಗೆ ಹೋಗಿ ಆಳುಗಳನ್ನು ಕರೆತರುತ್ತಾನೆ. ಮಧ್ಯಾಹ್ನ ಮತ್ತಷ್ಟು ಜನ, ಹೊತ್ತು ಇಳಿಯುವ ಮೊದಲು ಇನ್ನಷ್ಟು ಜನ. ಸಂಜೆ ಎಲ್ಲರಿಗೂ ಒಂದೇ ದಿನದ ಕೂಲಿ. ಬೆಳಿಗ್ಗೆ ಬಂದವರು ಗೊಣಗುತ್ತಾರೆ. ಇದು ದೇವರ ಕೃಪೆಯ ಕಥೆ, ಪರಲೋಕದ ಕಥೆ ಎಂದು ಚಿಕ್ಕಂದಿನಿಂದ ಕೇಳಿದ್ದೇನೆ. ಕೇರಿಯ ಪ್ರಾರ್ಥನೆಯೊಂದರಲ್ಲಿ ಇದನ್ನು ಓದಿದಾಗ ಹೆಂಗಸರು ಪರಲೋಕದವರೆಗೆ ಹೋಗಲೇ ಇಲ್ಲ. ಅವರಿಗೆ ಆ ಪೇಟೆ ಗೊತ್ತು. ಬೆಳಗಿನ ಆರು ಗಂಟೆಗೆ ಬುತ್ತಿ ಕಟ್ಟಿಕೊಂಡು ರಸ್ತೆಯ ಬದಿಗೆ ನಿಂತು, ಟ್ರ್ಯಾಕ್ಟರ್‌ನವನು ತಮ್ಮನ್ನು ಕರೆಯುತ್ತಾನೋ ಬಿಡುತ್ತಾನೋ ಎಂದು ಕಾಯುವುದು ಗೊತ್ತು. "ಕಡೀಗೆ ಬಂದಾಕಿಗೂ ಮನ್ಯಾಗ ಮಕ್ಕಳು ಇರ್ತಾವಲ್ರಿ, ಅದಕ್ಕ ಪೂರ ಕೊಟ್ಟಾನ" ಎಂದಳು ಒಬ್ಬಳು. ಕೂಲಿ ಎಂದರೆ ಕೆಲಸದ ಬೆಲೆಯಷ್ಟೇ ಅಲ್ಲ, ಮನೆಯ ಹೊಟ್ಟೆಯ ಲೆಕ್ಕ ಎಂದು ದೊಡ್ಡ ಪಂಡಿತರು ಪುಟಗಟ್ಟಲೆ ಬರೆದದ್ದನ್ನು ಆಕೆ ಒಂದು ಮಾತಿನಲ್ಲಿ ಮುಗಿಸಿದಳು. ಮತ್ತೊಬ್ಬಳು ಕೇಳಿದ ಪ್ರಶ್ನೆಗೆ ಮಾತ್ರ ಉಪದೇಶಕರ ಬಳಿ ಉತ್ತರವಿರಲಿಲ್ಲ: "ಆ ಸಾವ್ಕಾರ ಗಂಡಾಳಿಗೆ ಎಷ್ಟು ಕೊಟ್ಟ, ಹೆಣ್ಣಾಳಿಗೆ ಎಷ್ಟು ಕೊಟ್ಟ? ಅದನ್ನ ಬರದಿಲ್ಲೇನ್ರಿ?"

ಬರೆದಿಲ್ಲ. ಆದರೆ ನಮ್ಮ ದೇಶದ ಕಾನೂನಿನಲ್ಲಿ ಬರೆದಿದೆ. ಸಮಾನ ಕೆಲಸಕ್ಕೆ ಸಮಾನ ಕೂಲಿ ಎಂಬ ಕಾಯ್ದೆ 1976ರಲ್ಲೇ ಬಂತು, 2019ರ ವೇತನ ಸಂಹಿತೆಗೂ ಅದೇ ಮಾತು ಸೇರಿತು. 2005ರ ಉದ್ಯೋಗ ಖಾತರಿ ಕಾಯ್ದೆ ಬಂದಾಗ ಹೂಳೆತ್ತುವ ಕೆಲಸದಲ್ಲಿ ಗಂಡಿಗೂ ಹೆಣ್ಣಿಗೂ ಒಂದೇ ಲೆಕ್ಕ ಹಾಕಿದ್ದನ್ನು ಕಂಡು ನಮ್ಮ ಹೆಂಗಸರು ಮೊದಲು ನಂಬಲಿಲ್ಲ, ಆಮೇಲೆ ಬಿಡಲಿಲ್ಲ. ಹೊಲದಲ್ಲಿ ಮಾತ್ರ ಇಂದಿಗೂ ಗಂಡಾಳಿನ ಲೆಕ್ಕ ಬೇರೆ, ಹೆಣ್ಣಾಳಿನ ಲೆಕ್ಕ ಬೇರೆ. ದೇವರ ಹೆಸರಿನಲ್ಲಿ ಸೀರೆ ಹಂಚುವ ನಮ್ಮ ಸಭೆಯ ದೊಡ್ಡ ಮನೆಗಳವರು ತಮ್ಮ ಹೊಲದಲ್ಲಿ ಈ ಎರಡು ಲೆಕ್ಕವನ್ನು ಒಂದು ಮಾಡಲಿ. ಸೀರೆಯನ್ನು ಆಕೆಯೇ ಕೊಂಡುಕೊಳ್ಳುತ್ತಾಳೆ, ತನಗೆ ಬೇಕಾದ ಬಣ್ಣದ್ದನ್ನು.

ಇದೆಲ್ಲ ಪರದೇಶದ ಸರಕು ಎನ್ನುವವರಿಗೆ ಒಂದು ಮಾತು. ಹನ್ನೆರಡನೆಯ ಶತಮಾನದ ಶರಣರು ಕಾಯಕ ಮತ್ತು ದಾಸೋಹ ಎಂಬ ಎರಡು ಮಾತುಗಳನ್ನು ಜೋಡಿಸಿ ಕೊಟ್ಟ ನಾಡು ಇದು. ಸೂಳೆ ಸಂಕವ್ವೆ, ಸತ್ಯಕ್ಕ, ಆಯ್ದಕ್ಕಿ ಲಕ್ಕಮ್ಮ ಬಾಯಿ ಬಿಟ್ಟು ಮಾತಾಡಿದ ನಾಡು. ಅಕ್ಕಿ ಆಯ್ದು ಬದುಕುವ ಹೆಂಗಸು ಗಂಡನ ಆಸೆಯನ್ನು ತಿದ್ದಿದ್ದು ದಕ್ಷಿಣ ಅಮೆರಿಕದಲ್ಲಲ್ಲ. ಬೆಂಗಳೂರಿನ ಸಂಯುಕ್ತ ದೇವತಾಶಾಸ್ತ್ರ ಕಾಲೇಜಿನಲ್ಲಿ 1981ರಲ್ಲಿ ಅರವಿಂದ ನಿರ್ಮಲ್ ಎಂಬವರು ಮಾಡಿದ ಒಂದು ಭಾಷಣದಿಂದ ದಲಿತ ದೇವತಾಶಾಸ್ತ್ರ ಬೆಳೆಯಿತು. ಭಾರತದ ಕ್ರೈಸ್ತ ಪಂಡಿತರು ಅಲ್ಲಿಯವರೆಗೆ ಬ್ರಾಹ್ಮಣ ವೇದಾಂತದ ಜೊತೆಗೇ ಮಾತಾಡುತ್ತ ಕೂತಿದ್ದರು, ತಮ್ಮ ಸಭೆಯಲ್ಲಿ ಬಹುಪಾಲು ಇರುವವರು ಯಾರು ಎಂದು ನೋಡಿರಲಿಲ್ಲ ಎಂಬುದು ಅವರ ತಕರಾರು. ಕರ್ನಾಟಕದಲ್ಲಿ ದಲಿತ ಸಂಘರ್ಷ ಸಮಿತಿ ಬೆಳೆದ, 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿದ ದಿನಮಾನಗಳು ಅವು. ಗುಡಿಯೊಳಗಿನ ಗಾಳಿಯೂ ಊರಿನ ಗಾಳಿಯೇ.

ಇನ್ನೊಬ್ಬರು ಸ್ಟ್ಯಾನ್ ಸ್ವಾಮಿ. ಜಾರ್ಖಂಡದ ಆದಿವಾಸಿಗಳ ಪಾದ್ರಿ ಎಂದು ಪೇಪರಿನಲ್ಲಿ ಓದಿರುತ್ತೀರಿ. ಅದಕ್ಕೂ ಮೊದಲು 1975ರಿಂದ 1986ರವರೆಗೆ ಅವರು ಬೆಂಗಳೂರಿನ ಭಾರತೀಯ ಸಾಮಾಜಿಕ ಸಂಸ್ಥೆಯ ನಿರ್ದೇಶಕರಾಗಿದ್ದರು. 2020ರ ಅಕ್ಟೋಬರಿನಲ್ಲಿ, ಎಂಬತ್ಮೂರರ ವಯಸ್ಸಿನಲ್ಲಿ, ಅವರನ್ನು ಭೀಮಾ ಕೋರೆಗಾಂವ್ ಪ್ರಕರಣದಲ್ಲಿ ಬಂಧಿಸಿದರು. ಕೈ ನಡುಗುವ ಕಾಯಿಲೆಯ ಆ ಮುದುಕರು ನೀರು ಕುಡಿಯಲು ನಳಿಗೆ ಇರುವ ಲೋಟ ಬೇಕೆಂದು ಕೋರ್ಟಿಗೆ ಅರ್ಜಿ ಹಾಕಬೇಕಾಯಿತು. 2021ರ ಜುಲೈ 5ರಂದು, ಜಾಮೀನು ಸಿಗದೆ, ವಿಚಾರಣೆಯೂ ಶುರುವಾಗದೆ, ಮುಂಬೈಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಅನ್ನ ಹಂಚುವ ಪಾದ್ರಿಗೆ ಹಾರ ಹಾಕುತ್ತಾರೆ, ಭೂಮಿ ಯಾರದು ಎಂದು ಕೇಳುವ ಪಾದ್ರಿಗೆ ಬೇಡಿ ಹಾಕುತ್ತಾರೆ. ಎಲ್ ಸಾಲ್ವಡೋರಿನ ಆರ್ಚ್‌ಬಿಷಪ್ ರೊಮೆರೊ ಅವರನ್ನು 1980ರ ಮಾರ್ಚ್ 24ರಂದು ಪೂಜೆ ನಡೆಸುತ್ತಿದ್ದಾಗಲೇ ಗುಂಡಿಟ್ಟು ಕೊಂದರು. ರೋಮಿನವರು ಆ ಕಾಲಕ್ಕೆ ಈ ವಿಚಾರವನ್ನೇ ಅನುಮಾನಿಸುತ್ತಿದ್ದರು. 1984ರಲ್ಲಿ ಮಾರ್ಕ್ಸ್‌ವಾದದ ನಂಜು ಇದರಲ್ಲಿದೆ ಎಂದು ಎಚ್ಚರಿಕೆ ಹೊರಡಿಸಿದರು. 2018ರಲ್ಲಿ ರೊಮೆರೊ ಅವರನ್ನು ಸಂತ ಎಂದು ಘೋಷಿಸಿದರು. ಬದುಕಿದ್ದಾಗ ತಂಟೆಕೋರ, ಸತ್ತಮೇಲೆ ಸಂತ! ಇದು ನಮಗೆ ಹೊಸದೇನಲ್ಲ. ಶರಣರಿಗೆ ನಾವು ಮಾಡಿದ್ದೂ ಇದನ್ನೇ.

ಈಗ ಎಲ್ಲರ ಬಾಯಲ್ಲಿರುವ ಪ್ರಶ್ನೆಗೆ ಬರುತ್ತೇನೆ: "ಬಡವರಿಗೆ ಆಸೆ ತೋರಿಸಿ ಮತಾಂತರ ಮಾಡುತ್ತೀರಿ." ನನ್ನ ಉತ್ತರ ಎರಡು ಕಡೆಗೂ ಹೋಗುತ್ತದೆ. ಹಾಲಿನ ಪುಡಿಗೆ ಧರ್ಮ ಮಾರಿಕೊಂಡರು ಎನ್ನುವವರೇ, ಬಡವರಿಗೂ ಒಂದು ತಲೆ, ಒಂದು ಮನಸ್ಸು ಇರುತ್ತದೆ. ಕೆರೆಯ ನೀರು ಮುಟ್ಟಗೊಡದ ಊರನ್ನು ಬಿಟ್ಟು, ತನ್ನನ್ನು ಹೆಸರು ಹಿಡಿದು ಕರೆದ ಮನೆಗೆ ಮನುಷ್ಯ ಹೋದರೆ ಅದಕ್ಕೆ ಆಸೆ ಎನ್ನಬೇಡಿ. ಶ್ರೀಮಂತರು ಮಗನ ಪರೀಕ್ಷೆಗೆ, ಟೆಂಡರಿಗೆ, ಕೋರ್ಟು ಕೇಸಿಗೆ ದೇವರನ್ನು ಬದಲಿಸಿದಾಗ ನೀವು ಏನನ್ನೂ ಕೇಳಲಿಲ್ಲ. ಇನ್ನು ನಮ್ಮವರೇ, ತಲೆ ಎಣಿಸಿ ವರದಿ ಕಳಿಸುವುದೇ ಸೇವೆ ಎಂದು ತಿಳಿದವರೇ, ಒಬ್ಬಾಕೆಯ ಜ್ಞಾನಸ್ನಾನಕ್ಕೆ ಓಡಿ ಬರುವವರು ಆಕೆಯ ಕೂಲಿಯ ಜಗಳಕ್ಕೆ ಯಾಕೆ ಬರುವುದಿಲ್ಲ? ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಜಾತಿ ಬಿಟ್ಟು ಬಂದು ಕಸುಬು ಕಳಕೊಂಡವರಿಗೆ ದುಡಿಮೆ ಕೊಟ್ಟರು, ಅದು ದೊಡ್ಡ ಕೆಲಸ. ಆದರೆ ಪಗಾರ ಕೊಡುವವರೂ ಅವರೇ, ಪ್ರಾರ್ಥನೆ ಹೇಳಿಸುವವರೂ ಅವರೇ ಆದಾಗ ಆಳಿನ ಬಾಯಿಗೆ ಯಾವ ಸ್ವಾತಂತ್ರ್ಯ ಉಳಿಯುತ್ತದೆ? ಕೆಲಸ ಕೊಟ್ಟದ್ದಕ್ಕೆ ನಮಸ್ಕಾರ. ಆದರೆ ಉಪಕಾರವನ್ನೇ ಬಿಡುಗಡೆ ಎಂದು ಕರೆಯಬೇಡಿ.

ಜಾತಿಯ ಮಾತಿಗೆ ಬಂದರೆ ನಮ್ಮ ಅಂಗಳ ಇನ್ನೂ ಹೊಲಸು. ಕ್ರಿಸ್ತನಲ್ಲಿ ಜಾತಿಯಿಲ್ಲ ಎಂದು ಪೀಠದಿಂದ ಹೇಳುತ್ತೇವೆ. ಸಂಬಂಧ ನೋಡುವಾಗ "ಮೂಲದಲ್ಲಿ ಯಾರು?" ಎಂದು ಪಿಸುಗುಟ್ಟುತ್ತೇವೆ. ಭಾರತದ ಕಥೋಲಿಕ ಬಿಷಪ್ಪರು 2016ರಲ್ಲಿ ದಲಿತರ ಸಬಲೀಕರಣಕ್ಕೆಂದು ಒಂದು ನೀತಿಯನ್ನೇ ಹೊರಡಿಸಿ, ಸಭೆಯೊಳಗೆ ಅಸ್ಪೃಶ್ಯತೆಯ ಆಚರಣೆ ಇದೆ ಎಂದು ಒಪ್ಪಿಕೊಂಡರು. ಅವರಿಗಿದ್ದ ಧೈರ್ಯ ಪ್ರೊಟೆಸ್ಟಂಟರಾದ ನಮಗೂ ಬರಲಿ. ಮುದಗಲ್ಲಿನಲ್ಲಿ ಆದಿಲಶಾಹಿಗಳ ಕಾಲದಿಂದ ಕ್ರೈಸ್ತರಿದ್ದಾರೆ ಎಂದು ಹೆಮ್ಮೆಪಡುತ್ತೇವೆ. ಇಷ್ಟು ಶತಮಾನ ಇದ್ದೂ ಕೇರಿ ಕೇರಿಯಾಗಿಯೇ ಉಳಿದಿದ್ದರೆ ಹೆಮ್ಮೆಯ ಜೊತೆಗೆ ನಾಚಿಕೆಯೂ ಬೇಡವೇ?

ಸರ್ಕಾರದ್ದು ಇನ್ನೊಂದು ಬಗೆ. 1950ರ ರಾಷ್ಟ್ರಪತಿಗಳ ಆದೇಶದ ಮೂರನೆಯ ಪ್ಯಾರಾ ಹಿಂದೂಗಳಲ್ಲದವರನ್ನು ಪರಿಶಿಷ್ಟ ಜಾತಿಯೆಂದು ಒಪ್ಪಲಿಲ್ಲ. 1956ರಲ್ಲಿ ಸಿಖ್ಖರನ್ನು ಸೇರಿಸಿದರು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತ ಮತ್ತು ಮುಸ್ಲಿಂ ದಲಿತರು ಹೊರಗೇ ಉಳಿದರು. ಈ ಗೋಡೆಯನ್ನು ತೆಗೆಯಿರಿ ಎಂದು 2007ರಲ್ಲಿ ರಂಗನಾಥ ಮಿಶ್ರಾ ಆಯೋಗ ಹೇಳಿತು. 2022ರಲ್ಲಿ ಇದನ್ನೇ ಮತ್ತೆ ಪರಿಶೀಲಿಸಲು ಕೆ.ಜಿ. ಬಾಲಕೃಷ್ಣನ್ ಆಯೋಗವನ್ನು ನೇಮಿಸಿದರು. ಪರಿಣಾಮ ಏನು ಗೊತ್ತೇ? ಜ್ಞಾನಸ್ನಾನದ ಒಂದು ಹೆಸರು, ಶಾಲೆಯ ದಾಖಲೆಗೆ ಇನ್ನೊಂದು ಹೆಸರು ಇಟ್ಟುಕೊಂಡು ಮಕ್ಕಳು ಬೆಳೆಯುತ್ತವೆ. ಚಹಾದ ಅಂಗಡಿಯವನು ಮಾತ್ರ ಯಾವ ಆಯೋಗದ ವರದಿಗೂ ಕಾಯುವುದಿಲ್ಲ. ಎದುರಿಗಿರುವವಳು ಮೇರಿಯೋ ಮರಿಯಮ್ಮನೋ ಎಂದು ನೋಡದೆ, ಕೇರಿ ಯಾವುದು ಎಂದು ನೋಡಿ ಲೋಟ ಇಡುತ್ತಾನೆ.

ನಮ್ಮ ನೆರೆಯ ಗಂಗಾವತಿ ತಾಲೂಕಿನ ಮರಕುಂಬಿಯಲ್ಲಿ 2014ರ ಆಗಸ್ಟಿನಲ್ಲಿ ದಲಿತರ ಮೇಲೆ ಬಿದ್ದು ಗುಡಿಸಲುಗಳಿಗೆ ಬೆಂಕಿ ಇಟ್ಟರು. ಕ್ಷೌರದ ಅಂಗಡಿ, ಹೋಟೆಲುಗಳಿಗೆ ಪ್ರವೇಶ ಕೊಡದಿದ್ದುದು ಅಲ್ಲಿಯ ಹಳೆಯ ಜಗಳ. ಹತ್ತು ವರ್ಷದ ಮೇಲೆ, 2024ರ ಅಕ್ಟೋಬರ್ 24ರಂದು, ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಮೇಲ್ಮನವಿ ಹೈಕೋರ್ಟಿಗೆ ಹೋಯಿತು. ಬೆಂಕಿ ಬಿದ್ದ ವಾರದ ಭಾನುವಾರ ನಾನು ಕೂತಿದ್ದ ಗುಡಿಯಲ್ಲಿ ಲೋಕದ ಶಾಂತಿಗಾಗಿ, ರಾಷ್ಟ್ರದ ನಾಯಕರಿಗಾಗಿ, ಮಳೆಗಾಗಿ ಪ್ರಾರ್ಥನೆಯಾಯಿತು. ಮರಕುಂಬಿಯ ಹೆಸರು ಬರಲಿಲ್ಲ. ಅವರು ನಮ್ಮವರಲ್ಲವಂತೆ. ಗಾಯಗೊಂಡು ದಾರಿಯಲ್ಲಿ ಬಿದ್ದವನನ್ನು ಎತ್ತಿದ ಸಮಾರ್ಯದವನ ಕಥೆಯನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸುವವರು ನಾವು!

ಎಲ್ಲ ಕಡೆ ಕತ್ತಲೆ ಎಂದು ನಾನು ಹೇಳುವುದಿಲ್ಲ. ಮಾನ್ವಿ ಮತ್ತು ಪನ್ನೂರಿನಲ್ಲಿ ಜೆಸ್ವಿತ್ ಪಾದ್ರಿಗಳು ಶಾಲೆ ತೆರೆದು ಕೇರಿಯ ಮಕ್ಕಳನ್ನು ಮೊದಲ ಬೆಂಚಿಗೆ ಕೂಡಿಸಿದರು. ದೇವದಾಸಿ ಬಿಡುವುದನ್ನು ನಿಷೇಧಿಸಿದ ಕಾಯ್ದೆ 1982ರದು. ಅದಾಗಿ ಕಾಲು ಶತಮಾನದ ಮೇಲೆ, 2007-08ರ ಹೊತ್ತಿಗೆ, ಸರ್ಕಾರದ ಸಮೀಕ್ಷೆಗಳೇ ರಾಜ್ಯದಲ್ಲಿ ಒಟ್ಟು 46,660 ಮಾಜಿ ದೇವದಾಸಿಯರನ್ನು ಲೆಕ್ಕ ಹಾಕಿದ್ದವು. ಅಂಥ ತಾಯಂದಿರ ಹೆಣ್ಣುಮಕ್ಕಳಿಗಾಗಿ ಬೆಂಗಳೂರಿನ ವಿಸ್ತಾರ್ ಸಂಸ್ಥೆಯವರು ಕೊಪ್ಪಳದಲ್ಲಿ 'ಬಾಂಧವಿ' ಎಂಬ ಮನೆ-ಶಾಲೆ ಕಟ್ಟಿದರು. ಮಾನ್ವಿ-ಸಿಂಧನೂರು ರಸ್ತೆಯ ಪೋತ್ನಾಳದಲ್ಲಿ ಕೂಲಿಯ ದಲಿತ ಹೆಂಗಸರೇ ಸೇರಿ ಜಾಗೃತ ಮಹಿಳಾ ಸಂಘಟನೆ ಕಟ್ಟಿಕೊಂಡರು. ಅವರಲ್ಲಿ ಯಾರೂ ಗುಟಿಯೆರೆಸರ ಪುಸ್ತಕ ಓದಿರಲಾರರು, ಅವರದ್ದು ಕ್ರೈಸ್ತ ಸಂಘವೂ ಅಲ್ಲ. ಆದರೆ ಬಡವರಿಗಾಗಿ ಬೇರೆಯವರು ಮಾತಾಡುವುದನ್ನು ನಿಲ್ಲಿಸಿ ಬಡವರೇ ಮಾತಾಡಬೇಕು ಎಂಬುದು ಆ ಪುಸ್ತಕದ ತಿರುಳಾದರೆ, ಅದು ಪೋತ್ನಾಳದಲ್ಲಿ ಚಪ್ಪಲಿ ಬಿಟ್ಟು ಕೆಸರಿಗೆ ಇಳಿದು ನಡೆದಾಡಿದೆ.

ಅಕ್ಕತಂಗಿಯರೇ, ಪಾದ್ರಿಗಳನ್ನು ಬೈದು ಮುಗಿಸಿದರೆ ನಿಮಗೆ ಸುಖವಾಗುತ್ತದೆ, ಆದ್ದರಿಂದ ಮುಗಿಸುವುದಿಲ್ಲ. ಗುಡಿ ಗುಡಿಸುವವರು, ಹೂ ಏರಿಸುವವರು, ಭಾನುವಾರದ ಶಾಲೆ ನಡೆಸುವವರು ನಾವು. ತೀರ್ಮಾನದ ಕುರ್ಚಿಯಲ್ಲಿ ಕೂಡುವವರು ಬಹಳ ಕಡೆ ಇಂದಿಗೂ ಗಂಡಸರು. 2013ರಲ್ಲಿ ಪಕ್ಕದ ಆಂಧ್ರದ ನಂದ್ಯಾಲದಲ್ಲಿ ಪುಷ್ಪ ಲಲಿತಾ ಅವರು ದಕ್ಷಿಣ ಭಾರತ ಸಭೆಯ ಮೊದಲ ಮಹಿಳಾ ಬಿಷಪ್ ಆದಾಗ ನಾವೆಲ್ಲ ಸಿಹಿ ಹಂಚಿದೆವು. ಅದು ಸರಿ. ಆದರೆ ಮೇಲಿನ ಕುರ್ಚಿಗೆ ಒಬ್ಬಳು ಏರಿದ್ದಕ್ಕೆ ನಲಿಯುವ ನಾವು, ನಮ್ಮ ಹಿತ್ತಿಲಲ್ಲಿ ಪಾತ್ರೆ ತಿಕ್ಕುವವಳಿಗೆ ಒಂದು ಮಣೆ ಕೊಟ್ಟಿದ್ದೇವೆಯೇ? ನೀವು ಯಾವ ದೇವರಿಗಾದರೂ ದೀಪ ಹಚ್ಚಿ. ಮಠದಲ್ಲಿ ಪ್ರಸಾದಕ್ಕೆ ಚೀಲ ಕೊಡಿ, ರಂಜಾನಿನಲ್ಲಿ ಜಕಾತು ಕೊಡಿ, ಕ್ರಿಸ್‌ಮಸ್ಸಿಗೆ ಸೀರೆ ಕೊಡಿ. ಹಸಿದವಳಿಗೆ ಇವತ್ತಿನ ಅನ್ನ ಇವತ್ತೇ ಬೇಕು, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಅನ್ನ ಕೊಟ್ಟ ಕೈಯೇ ಆಕೆಯ ಕೂಲಿಯಲ್ಲಿ ಹತ್ತು ರೂಪಾಯಿ ಹಿಡಿದುಕೊಂಡರೆ, ಆಕೆ ಜ್ವರದಿಂದ ಬರದ ದಿನದ ಪಗಾರ ಕತ್ತರಿಸಿದರೆ, ಆಕೆಗೆಂದು ಗೂಡಿನಲ್ಲಿ ಬೇರೆ ಲೋಟ ಇಟ್ಟರೆ, ಆ ದಾನ ದೇವರ ಲೆಕ್ಕಕ್ಕೆ ಸೇರುವುದಿಲ್ಲ.

ಮಾಡಬೇಕಾದದ್ದು ದೊಡ್ಡದೇನಲ್ಲ. ಹೊಲ ಇರುವವರು ಗಂಡಿಗೂ ಹೆಣ್ಣಿಗೂ ಒಂದೇ ಕೂಲಿ ಎಂದು ಈ ಸಲದ ನಾಟಿಗೇ ಶುರು ಮಾಡಿ. ಮನೆಗೆಲಸಕ್ಕೆ ಬರುವವಳಿಗೆ ವಾರಕ್ಕೊಂದು ರಜೆ ಕೊಡಿ, ಪಗಾರ ಸಮೇತ. ನಿಮ್ಮ ಗುಡಿ, ಮಠ, ಸಂಘ ಯಾವುದಾದರೂ ಇರಲಿ, ಮುಂದಿನ ಸಭೆಯಲ್ಲಿ ಹಂಚುವ ಸೀರೆಗಳ ಪಟ್ಟಿ ಓದಿದಾಗ ಎದ್ದು ನಿಂತು, "ಇವರಿಗೆ ದಿನದ ಕೂಲಿ ಎಷ್ಟು ಸಿಗುತ್ತದೆ?" ಎಂದು ಒಂದೇ ಪ್ರಶ್ನೆ ಕೇಳಿ. ಸಭೆ ಸುಮ್ಮನಾಗುತ್ತದೆ. ಅಧ್ಯಕ್ಷರು ಗಡಿಯಾರ ನೋಡುತ್ತಾರೆ. ನಿಮ್ಮನ್ನು ಕೂಡಿರಿ ಎನ್ನುತ್ತಾರೆ. ಕೂಡಬೇಡಿ.